ಸೋತಾಗ ಯಾರನ್ನು ಬೈಯಬೇಕು? ಟರ್ನ್ ಬೇಸ್ಡ್ ರೋಗ್‌ಲೈಕ್ ಆರಿಸಿಕೊಳ್ಳುವ ಬಗೆ

ರೋಗ್‌ಲೈಕ್ ಗೇಮ್‌ಗಳಲ್ಲಿ ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ. ಸತ್ತರೆ ಮುಗಿಯಿತು. ಹಳೆಯ ಸೇವ್ ಇರುವುದಿಲ್ಲ, ಮತ್ತೆ ಮೊದಲಿಂದ ಶುರು. ಎರಡನೇ ಸಲ ಹೋದರೆ ದಾರಿಯೂ ಬೇರೆ, ಸಿಗುವ ಸಾಮಾನೂ ಬೇರೆ. 1980ರ ರೋಗ್ ಗೇಮ್ ಹಾಕಿಕೊಟ್ಟ ಪದ್ಧತಿ ಇದು. ನಲವತ್ತು ವರ್ಷ ದಾಟಿದರೂ ಜನ ಇದನ್ನೇ ಆಡುತ್ತಿದ್ದಾರೆ.

ಹೀಗಿರುವಾಗ ಗೇಮ್ ಆರಿಸುವಾಗ ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ ಅಂತ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ನಿಮ್ಮ ಹೆಚ್ಚಿನ ರನ್‌ಗಳು, ಅಂದರೆ ಶುರುವಿನಿಂದ ಕೊನೆಯವರೆಗಿನ ಒಂದೊಂದು ಸುತ್ತು, ಸೋಲಿನಲ್ಲೇ ಮುಗಿಯುತ್ತವೆ ಅಲ್ವಾ? ಹಾಗಾದರೆ ಆ ಗೇಮ್ ನಿಮ್ಮನ್ನು ಹೇಗೆ ಸೋಲಿಸುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಕೆಲವದರಲ್ಲಿ ಸೋತರೆ ತಪ್ಪೆಲ್ಲ ನಿಮ್ಮದೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಕೆಲವದರಲ್ಲಿ ಅದೃಷ್ಟದ ಮೇಲೂ ಸ್ವಲ್ಪ ಹಾಕಬಹುದು. ಇನ್ನು ಕೆಲವದರಲ್ಲಿ ಯಾಕೆ ಸತ್ತೆ ಅನ್ನುವುದೇ ಗೊತ್ತಾಗುವುದಿಲ್ಲ, ಆದರೂ ಸತ್ತ ರೀತಿ ನೋಡಿ ನಗು ಬರುತ್ತದೆ. ಒಬ್ಬರಿಗೆ ಹಿಡಿಸುವ ಸೋಲು ಇನ್ನೊಬ್ಬರಿಗೆ ತಲೆನೋವು. "ಸೂಪರ್ ಗೇಮ್" ಅಂತ ಹೇಳಿ ಕೊಡಿಸಿದ್ದನ್ನು ಎಷ್ಟೋ ಜನ ಎರಡೇ ದಿನಕ್ಕೆ ಬಿಡುವುದು ಇದೇ ಕಾರಣಕ್ಕೆ.

ಇಲ್ಲಿ ಹೇಳುತ್ತಿರುವುದು ಟರ್ನ್ ಬೇಸ್ಡ್ ಗೇಮ್‌ಗಳ ಬಗ್ಗೆ ಮಾತ್ರ. ನೀವು ಒಂದು ಹೆಜ್ಜೆ ಇಟ್ಟರೆ ಶತ್ರು ಒಂದು ಹೆಜ್ಜೆ ಇಡುತ್ತಾನೆ. ನೀವು ಸುಮ್ನೆ ಕೂತರೆ ಅವನೂ ಕೂತಿರುತ್ತಾನೆ. ಬೆರಳಿನ ಚುರುಕು ಬೇಡ. ಐದು ಗೇಮ್ ತೆಗೆದುಕೊಂಡಿದ್ದೇನೆ. ಐದೂ ಸಣ್ಣ ತಂಡಗಳೋ, ಒಬ್ಬಿಬ್ಬರೋ, ಇಲ್ಲವೇ ಆಸಕ್ತರ ಗುಂಪೋ ಮಾಡಿದವು. ಎಲ್ಲವನ್ನೂ ಮೊದಲೇ ತೋರಿಸಿಬಿಡುವ ಗೇಮ್‌ನಿಂದ ಶುರು ಮಾಡಿ, ಏನನ್ನೂ ಹೇಳದ ಗೇಮ್ ಕಡೆಗೆ ಹೋಗೋಣ.

ಇನ್‌ಟು ದ ಬ್ರೀಚ್: ನೆಪ ಹೇಳಲು ಜಾಗವಿಲ್ಲ

2018ರ ಫೆಬ್ರವರಿಯಲ್ಲಿ ಬಂತು. ಮಾಡಿದ್ದು ಸಬ್‌ಸೆಟ್ ಗೇಮ್ಸ್. 2012ರಲ್ಲಿ ಎಫ್‌ಟಿಎಲ್ ಅನ್ನುವ ಗೇಮ್ ಮಾಡಿದ ಜಸ್ಟಿನ್ ಮಾ, ಮ್ಯಾಥ್ಯೂ ಡೇವಿಸ್ ಅವರ ತಂಡವೇ ಇದು. ನೆಲದಡಿಯಿಂದ ವೆಕ್ ಎಂಬ ದೈತ್ಯ ಹುಳುಗಳು ಎದ್ದು ಬಂದು ಊರುಗಳನ್ನು ಒಡೆಯುತ್ತವೆ. ನಿಮ್ಮ ಕೈಯಲ್ಲಿ ಮೂರು ಮೆಕ್‌ಗಳಿವೆ, ಅಂದರೆ ದೈತ್ಯ ಯುದ್ಧಯಂತ್ರಗಳು. ಮೈದಾನ ಚೆಸ್ ಹಲಗೆಯ ಹಾಗೆ ಎಂಟಕ್ಕೆ ಎಂಟು ಮನೆ, ಅಷ್ಟೇ. ಹೆಚ್ಚಿನ ಕಾಳಗಗಳಲ್ಲಿ ಐದೇ ಟರ್ನ್ ತಡೆದರೆ ಸಾಕು.

ಇದರ ಜೀವಾಳ ಒಂದೇ ಒಂದು ನಿಯಮ. ಯಾವ ಹುಳು ಯಾವ ಮನೆಗೆ, ಎಷ್ಟು ಪೆಟ್ಟು ಕೊಡುತ್ತದೆ ಅನ್ನುವುದನ್ನು ಗೇಮ್ ಮೊದಲೇ ತೋರಿಸುತ್ತದೆ. ಆಮೇಲೆ ನಿಮ್ಮ ಟರ್ನ್. ಹಾಗಾಗಿ ಕೊಲ್ಲುವುದಕ್ಕಿಂತ ತಳ್ಳುವುದು ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಫೈರ್‌ಫ್ಲೈ ಅನ್ನುವ ಒಂದು ಹುಳು ಕಟ್ಟಡದ ಕಡೆ ಗುರಿ ಇಟ್ಟು ನಿಂತಿದೆ ಅಂತಿಟ್ಟುಕೊಳ್ಳಿ. ಅದನ್ನು ಕೊಲ್ಲುವಷ್ಟು ಪೆಟ್ಟು ನಿಮ್ಮ ಹತ್ತಿರ ಇಲ್ಲ. ಪಕ್ಕದಿಂದ ಗುದ್ದಿ ಒಂದು ಮನೆ ಸರಿಸಿದರೆ ಆಯಿತು. ಅದು ಅದೇ ದಿಕ್ಕಿಗೆ ಹೊಡೆಯುತ್ತದೆ, ಆದರೆ ಸಾಲು ಬದಲಾಗಿರುತ್ತದೆ. ಆ ಸಾಲಿನಲ್ಲಿ ಇನ್ನೊಂದು ಹುಳು ನಿಂತಿದ್ದರೆ ಪೆಟ್ಟು ಅದಕ್ಕೆ. ಹುಳವೇ ಹುಳವನ್ನು ಕೊಂದಿತು, ಕಟ್ಟಡ ಉಳಿಯಿತು, ನಿಮಗೆ ಖರ್ಚಾದದ್ದು ಒಂದು ಗುದ್ದು. ಹಾರಲಾಗದ ಸಾಮಾನ್ಯ ಹುಳವನ್ನು ನೀರಿಗೆ ತಳ್ಳಿದರೆ ಅಲ್ಲೇ ಮುಳುಗುತ್ತದೆ. ನೆಲದಿಂದ ಹೊಸ ಹುಳು ಏಳಲಿರುವ ಜಾಗದ ಮೇಲೆ ನಿಮ್ಮ ಮೆಕ್ ನಿಲ್ಲಿಸಿದರೆ ಅದು ಏಳುವುದಿಲ್ಲ. ಆದರೆ ನಿಂತವನಿಗೆ ಒಂದು ಪೆಟ್ಟು ಬೀಳುತ್ತದೆ. ಏನೂ ದಾರಿ ಇಲ್ಲವೆಂದರೆ ಮೆಕ್ ಅನ್ನೇ ಕಟ್ಟಡಕ್ಕೆ ಅಡ್ಡ ನಿಲ್ಲಿಸಬಹುದು.

ಈ ಲೆಕ್ಕಾಚಾರದ ರುಚಿ ಹತ್ತಿದವರಿಗೆ ಬೇರೆ ಗೇಮ್‌ಗಳು ಒರಟು ಅನ್ನಿಸತೊಡಗುತ್ತವೆ. ಸಂಖ್ಯೆಗಳು ಚಿಕ್ಕವು. ಎರಡು ಪೆಟ್ಟು, ಮೂರು ಪ್ರಾಣ, ಹೀಗೆ. ತಲೆಯಲ್ಲೇ ಲೆಕ್ಕ ಮುಗಿಯುತ್ತದೆ. ಒಂದು ರನ್ ಒಂದೆರಡು ಗಂಟೆಯಲ್ಲಿ ಆಗಿಹೋಗುತ್ತದೆ. ನಾಲ್ಕು ದ್ವೀಪಗಳಲ್ಲಿ ಎರಡನ್ನು ಉಳಿಸಿದರೆ ಸಾಕು, ನೇರ ಕೊನೆಯ ಕಾಳಗಕ್ಕೆ ಹೋಗಬಹುದು. ಪ್ರತಿ ಕಾಳಗದಲ್ಲಿ ಒಂದು ಸಲ ಇಡೀ ಟರ್ನ್ ಅನ್ನು ಹಿಂದಕ್ಕೆ ತಿರುಗಿಸುವ ಅವಕಾಶವೂ ಇದೆ.

ಇಷ್ಟೆಲ್ಲ ಕೊಟ್ಟ ಮೇಲೂ ಸೋತರೆ? ನಿಮ್ಮನ್ನೇ ಬೈದುಕೊಳ್ಳಬೇಕು. ಇದರ ದೊಡ್ಡ ಕೊರತೆಯೂ ಅದೇ. ಪ್ರತಿ ಟರ್ನ್ ಒಂದು ಒಗಟು. ಆಫೀಸಿನಲ್ಲಿ ದಿನವಿಡೀ ತಲೆ ಓಡಿಸಿ ಬಂದವರಿಗೆ ರಾತ್ರಿ ಮತ್ತೆ ಇದು ಬೇಕಾ ಅನ್ನಿಸಬಹುದು. ಐದು ನಿಮಿಷ ಯೋಚಿಸಿ, ಮೂರು ಮೆಕ್ ಸರಿಸಿ, ಒಂದು ಕಟ್ಟಡ ಕಳೆದುಕೊಂಡರೆ ಸುಸ್ತಾಗುತ್ತದೆ. ಇನ್ನೊಂದು ಕೊರತೆ ಬೆರಗು ಕಡಿಮೆ ಇರುವುದು. ರನ್ ನಡುವೆ ಹೊಸ ಆಯುಧ ಸಿಗುತ್ತದೆ, ನಿಜ. ಆದರೂ ನಿಮ್ಮ ತಂಡ ಶುರುವಿನಲ್ಲಿ ಹೇಗಿತ್ತೋ ಕೊನೆಗೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. "ಅಬ್ಬಾ, ಈ ಸಲ ಏನು ಸಿಕ್ಕಿತು ನೋಡು" ಅನ್ನುವ ಘಳಿಗೆ ಕಡಿಮೆ. ಬೇಸರ ಬಂದರೆ ತಂಡ ಬದಲಿಸಬೇಕು. 2022ರ ಜುಲೈನಲ್ಲಿ ಬಂದ ಉಚಿತ ಅಪ್‌ಡೇಟ್ ಐದು ಹೊಸ ತಂಡಗಳನ್ನು ಸೇರಿಸಿತು. ಪ್ರತಿ ತಂಡದ ವರಸೆಯೂ ಬೇರೆ, ಹಾಗಾಗಿ ಅದು ಒಳ್ಳೆಯ ಔಷಧಿಯೇ.

ಅದೃಷ್ಟ ಪೂರ್ತಿ ಇಲ್ಲ ಅಂತಲೂ ಹೇಳಲಾಗುವುದಿಲ್ಲ. ಪೆಟ್ಟು ಬಿದ್ದ ಕಟ್ಟಡ ಕೆಲವೊಮ್ಮೆ ತಡೆದುಕೊಳ್ಳುತ್ತದೆ. ಅದಕ್ಕೆ ಸಣ್ಣ ಶೇಕಡಾ ಲೆಕ್ಕವಿದೆ. ಆದರೆ ಆ ಅದೃಷ್ಟ ಯಾವತ್ತೂ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ನಿಮಗೆ ವಿರುದ್ಧವಾಗಿ ದಾಳ ಉರುಳುವುದಿಲ್ಲ. ಇಂಥ ಸೂಕ್ಷ್ಮ ಗೊತ್ತಿರುವವರು ಮಾಡಿದ ಗೇಮ್ ಇದು.

ಸ್ಲೇ ದ ಸ್ಪೈರ್: ಅರ್ಧ ಕಾಣುತ್ತದೆ, ಅರ್ಧ ಕಟ್ಟಿನೊಳಗಿದೆ

ಕಾರ್ಡ್‌ಗಳ ಕಟ್ಟು (ಡೆಕ್) ಬೆಳೆಸುವುದನ್ನೂ ರೋಗ್‌ಲೈಕ್ ಅನ್ನೂ ಒಂದು ಮಾಡಿ, ಆಮೇಲೆ ಬಂದ ನೂರಾರು ಗೇಮ್‌ಗಳಿಗೆ ದಾರಿ ತೋರಿಸಿದ್ದು ಇದು. ಮೆಗಾ ಕ್ರಿಟ್ ಮಾಡಿದ್ದು. 2017ರ ನವೆಂಬರ್‌ನಲ್ಲಿ ಅರ್ಲಿ ಆ್ಯಕ್ಸೆಸ್ (ಪೂರ್ತಿಯಾಗುವ ಮೊದಲೇ ಆಡಲು ಬಿಡುವುದು), 2019ರ ಜನವರಿಯಲ್ಲಿ ಪೂರ್ತಿ ಬಿಡುಗಡೆ. ಮೇಲಕ್ಕೆ ಹತ್ತುತ್ತಾ ಹೋಗಬೇಕು. ಪ್ರತಿ ಕಾಳಗ ಗೆದ್ದ ಮೇಲೆ ಮೂರು ಕಾರ್ಡ್ ತೋರಿಸುತ್ತದೆ. ಒಂದು ತೆಗೆದುಕೊಳ್ಳಬಹುದು, ಬೇಡ ಅಂತಲೂ ಬಿಡಬಹುದು.

ಇಲ್ಲಿಯೂ ಶತ್ರುವಿನ ತಲೆಯ ಮೇಲೆ ಅವನ ಮುಂದಿನ ನಡೆ ಕಾಣುತ್ತದೆ. ಹನ್ನೆರಡು ಪೆಟ್ಟು ಬರುತ್ತದೆ ಅಂತ ಗೊತ್ತು. ಆದರೆ ನಿಮ್ಮ ಕೈಗೆ ಮುಂದಿನ ಐದು ಕಾರ್ಡ್ ಯಾವುದು ಬರುತ್ತದೆ ಅನ್ನುವುದು ಗೊತ್ತಿಲ್ಲ. ಮಜಾ ಇರುವುದು ಇಲ್ಲೇ. ಹೊರಗಿನದ್ದು ತಿಳಿದಿದೆ, ನಮ್ಮದೇ ಕಟ್ಟಿನೊಳಗಿನದ್ದು ತಿಳಿದಿಲ್ಲ. ಅದನ್ನು ಕಟ್ಟಿದವರೂ ನಾವೇ. ಹಾಗಾಗಿ ಕೆಟ್ಟ ಕಾರ್ಡ್ ಬಂತು ಅಂತ ಬೈಯುವ ಮೊದಲು, ಆ ಕಾರ್ಡ್ ಒಳಗೆ ಸೇರಿಸಿದ್ದು ಯಾರು ಅಂತ ಕೇಳಿಕೊಳ್ಳಬೇಕಾಗುತ್ತದೆ.

ಒಂದು ಉದಾಹರಣೆ. ಮೊದಲ ಆ್ಯಕ್ಟ್‌ನಲ್ಲಿ, ಅಂದರೆ ಮೊದಲ ಹಂತದಲ್ಲಿ, ಗ್ರೆಮ್ಲಿನ್ ನಾಬ್ ಅಂತ ಒಬ್ಬ ಎಲೀಟ್ (ಮಾಮೂಲಿಗಿಂತ ಬಲಶಾಲಿ) ಶತ್ರು ಇದ್ದಾನೆ. ಮೊದಲ ಟರ್ನ್ ಬರೀ ಕೂಗುತ್ತಾನೆ. ಅದಾದ ಮೇಲೆ ನೀವು ಸ್ಕಿಲ್ ಕಾರ್ಡ್ ಆಡಿದಾಗಲೆಲ್ಲ ಅವನ ಬಲ ಎರಡೆರಡು ಏರುತ್ತದೆ. ಡಿಫೆಂಡ್ ಕಾರ್ಡ್ ಕೂಡ ಸ್ಕಿಲ್ಲೇ. ಅಂದರೆ ತಡೆಯಲು ಹೋದಷ್ಟೂ ಅವನು ಜೋರಾಗುತ್ತಾನೆ. ಹುಷಾರಾಗಿ ಆಡಬೇಕು ಅಂತ ತಡೆಯುವ ಕಾರ್ಡ್‌ಗಳನ್ನೇ ತುಂಬಿಕೊಂಡವರು ಅವನ ಮುಂದೆ ಉಳಿಯುವುದಿಲ್ಲ. ಆ ಕಾಳಗದಲ್ಲಿ ಸೋತಿರಿ ಅಂದರೆ ನಿಜವಾಗಿ ಸೋತದ್ದು ಮೂರ್ನಾಲ್ಕು ಕೋಣೆಗಳ ಹಿಂದೆ, ಹೊಡೆಯುವ ಕಾರ್ಡ್ ಒಂದನ್ನು ಬಿಟ್ಟು ಮುಂದೆ ಹೋದಾಗ. ಸ್ಪೈರ್‌ನ ಸೋಲುಗಳೆಲ್ಲ ಹೆಚ್ಚುಕಡಿಮೆ ಈ ಥರದವು. ಕಾರಣ ಇರುತ್ತದೆ, ಆದರೆ ಹಿಂದೆ ಎಲ್ಲೋ ಇರುತ್ತದೆ. ಹುಡುಕಬೇಕು.

ಇನ್‌ಟು ದ ಬ್ರೀಚ್ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅಲ್ಲಿ ಈ ಟರ್ನ್‌ನ ತಪ್ಪಿಗೆ ಈ ಟರ್ನ್‌ನಲ್ಲೇ ಶಿಕ್ಷೆ. ಇಲ್ಲಿ ತಪ್ಪಿಗೂ ಶಿಕ್ಷೆಗೂ ನಡುವೆ ಅರ್ಧ ಗಂಟೆ ಇರಬಹುದು. ಅಲ್ಲಿ ಪ್ರತಿ ಟರ್ನ್ ಭಾರ. ಇಲ್ಲಿ ಹೆಚ್ಚಿನ ಟರ್ನ್‌ಗಳು ಸಲೀಸು, ಭಾರ ಇರುವುದು ಕಾರ್ಡ್ ಆರಿಸುವಾಗ, ದಾರಿ ಆರಿಸುವಾಗ, ಬೆಂಕಿಯ ಪಕ್ಕ ಕೂತಾಗ. ಆ ಬೆಂಕಿಯ ಹತ್ತಿರ ನಿದ್ದೆ ಮಾಡಿದರೆ ಹೆಲ್ತ್‌ನ ಶೇ. 30ರಷ್ಟು ವಾಪಸ್ ಬರುತ್ತದೆ. ಬೇಡವೆಂದರೆ ಒಂದು ಕಾರ್ಡನ್ನು ಉತ್ತಮಗೊಳಿಸಬಹುದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹೊಸಬರು ಯಾವಾಗಲೂ ನಿದ್ದೆ ಆರಿಸುತ್ತಾರೆ. ಪಳಗಿದವರು ಆದಷ್ಟೂ ಕಾರ್ಡ್ ಆರಿಸುತ್ತಾರೆ.

ಆಳ ಎಷ್ಟು ಅಂತ ಕೇಳಿದರೆ, ನಾಲ್ಕು ಪಾತ್ರಗಳು, ಒಂದೊಂದಕ್ಕೂ ಅಸೆನ್ಷನ್ ಅನ್ನುವ ಇಪ್ಪತ್ತು ಕಷ್ಟದ ಮೆಟ್ಟಿಲುಗಳು. ಪಳಗಿದ ಆಟಗಾರರು ಇಪ್ಪತ್ತನೇ ಮೆಟ್ಟಿಲಲ್ಲೂ ಸಾಲಾಗಿ ಗೆಲ್ಲುತ್ತಾರೆ. ಇದೆಲ್ಲ ಬರೀ ಅದೃಷ್ಟದ ಆಟ ಅನ್ನುವವರಿಗೆ ಅದೇ ಉತ್ತರ.

ಕೊರತೆಗಳೂ ಇವೆ. ಚಿತ್ರಗಳು ಸಾಧಾರಣ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಥೆ ಅಂತ ಹೇಳುವಂಥದ್ದು ಏನೂ ಇಲ್ಲ. ಮೊದಲ ಆ್ಯಕ್ಟ್ ಬಹಳ ಸಲ ಆಡಿದ ಮೇಲೆ ಅದೇ ಮೂವರು ಬಾಸ್, ಅದೇ ಎಲೀಟ್‌ಗಳು ಅನ್ನಿಸುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಕಿರಿಕಿರಿ ಮಾಡುವುದು ಕೊನೆಯ ಹಾರ್ಟ್ ಬಾಸ್. ನೀವು ಆಡುವ ಒಂದೊಂದು ಕಾರ್ಡಿಗೂ ಅದು ನಿಮಗೆ ಪೆಟ್ಟು ಕೊಡುತ್ತದೆ. ಒಂದು ಟರ್ನ್‌ನಲ್ಲಿ ಅದಕ್ಕೆ ಕೊಡಬಹುದಾದ ಪೆಟ್ಟಿಗೂ ಮಿತಿ ಇದೆ. ಒಂದೇ ಟರ್ನ್‌ನಲ್ಲಿ ಮೂವತ್ತು ಸಣ್ಣ ಕಾರ್ಡ್ ಆಡುವ ಮಜಾದ ಡೆಕ್ ಕಟ್ಟಿಕೊಂಡು ಹೋದವರಿಗೆ ಇದು ಅನ್ಯಾಯ ಅನ್ನಿಸದೆ ಇರುವುದಿಲ್ಲ. ಇಷ್ಟು ಹೊತ್ತು ಬಗೆಬಗೆಯ ಆಟಕ್ಕೆ ಜಾಗ ಕೊಟ್ಟ ಗೇಮ್, ಕೊನೆಗೆ ಬಂದು ಹೀಗೇ ಆಡು ಅಂತ ಕೈ ಕಟ್ಟಿಹಾಕುತ್ತದೆ. ಸಮಾಧಾನ ಏನೆಂದರೆ ಹಾರ್ಟ್ ಕಡ್ಡಾಯವಲ್ಲ. ಮೂರು ಕೀಲಿ ಹುಡುಕಿದವರಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಮೂರನೇ ಆ್ಯಕ್ಟ್ ಗೆದ್ದರೂ ಗೆಲುವೇ.

ಶ್ಯಾಟರ್ಡ್ ಪಿಕ್ಸೆಲ್ ಡಂಜನ್: ಜೇಬಿನೊಳಗಿನ ರೋಗ್‌ಲೈಕ್

ಮೇಲಿನ ಎರಡನ್ನೂ ಹಳೆಯ ಕಾಲದವರು ರೋಗ್‌ಲೈಕ್ ಅಂತ ಒಪ್ಪುವುದಿಲ್ಲ. ಅವರ ಪ್ರಕಾರ ಒಬ್ಬ ಹೀರೋ ಕತ್ತಲೆಯ ನೆಲಮಾಳಿಗೆಯಲ್ಲಿ ಒಂದೊಂದೇ ಮನೆ ನಡೆಯಬೇಕು, ಗೊತ್ತಿಲ್ಲದ ಮದ್ದು ಕುಡಿಯಬೇಕು, ಹೊಟ್ಟೆ ಹಸಿಯಬೇಕು. ಆ ಹಳೆಯ ರುಚಿಯನ್ನು ಸುಲಭವಾಗಿ ನೋಡಬೇಕು ಅನ್ನುವವರಿಗೆ ಇದು. ವಟಾಬೂ ಅನ್ನುವವರು ಮಾಡಿದ ಪಿಕ್ಸೆಲ್ ಡಂಜನ್‌ನ ಸೋರ್ಸ್ ಕೋಡ್ ಹಿಡಿದು ಇವಾನ್ ಡೆಬೆನ್‌ಹ್ಯಾಮ್ 2014ರಲ್ಲಿ ಶುರು ಮಾಡಿದ್ದು. ಇವತ್ತಿಗೂ ಬೆಳೆಯುತ್ತಲೇ ಇದೆ. ಆಂಡ್ರಾಯ್ಡ್‌ನಲ್ಲಿ ಉಚಿತ, ಜಾಹೀರಾತುಗಳ ಕಾಟವಿಲ್ಲ.

ಐದು ವಲಯ, ವಲಯಕ್ಕೆ ಐದು ಮಹಡಿ. ಮದ್ದಿನ ಬಣ್ಣಗಳು ಪ್ರತಿ ರನ್‌ಗೂ ಬದಲಾಗುತ್ತವೆ. ಕೆಂಪು ಬಾಟಲಿ ಈ ಸಲ ಗಾಯ ಮಾಗಿಸಿದರೆ ಮುಂದಿನ ಸಲ ವಿಷದ ಹೊಗೆ ಬಿಡಬಹುದು. ಗೊತ್ತಿಲ್ಲದ ಬಾಟಲಿಯನ್ನು ನೀರಿನ ಪಕ್ಕ ನಿಂತು ಕುಡಿಯುವುದು ಪಳಗಿದವರ ಅಭ್ಯಾಸ. ಅದು ಬೆಂಕಿಯ ಮದ್ದಾಗಿದ್ದರೆ ಪಕ್ಕದಲ್ಲೇ ನೀರಿಗೆ ಇಳಿಯಬಹುದು. ಬಾಗಿಲಿನ ಆಚೆ ಮರೆಯಲ್ಲಿ ನಿಂತು, ಒಳಗೆ ಬರುವ ಶತ್ರುವಿಗೆ ಹೊಡೆದರೆ ಪೆಟ್ಟು ತಪ್ಪುವುದಿಲ್ಲ. ಐದನೇ ಮಹಡಿಯಲ್ಲಿರುವ 'ಗೂ' ಅನ್ನುವ ಬಾಸ್ ಉಬ್ಬತೊಡಗಿದರೆ ದೂರ ಸರಿಯಬೇಕು, ಅದನ್ನು ನೀರಿನಲ್ಲಿ ನಿಲ್ಲಲು ಬಿಡಬಾರದು, ಬಿಟ್ಟರೆ ಗಾಯ ಮಾಗಿಸಿಕೊಳ್ಳುತ್ತದೆ. ಇಂಥ ಸಣ್ಣ ಸಣ್ಣ ಉಪಾಯಗಳ ಗಂಟು ಈ ಗೇಮ್. ಗೊತ್ತಾದಷ್ಟೂ ಮುಂದೆ ಹೋಗುತ್ತೀರಿ.

ಸೋತರೆ ತಪ್ಪು ಯಾರದು? ಮೊದಮೊದಲು ಗೇಮ್‌ನದು ಅನ್ನಿಸುತ್ತದೆ. ಹೊಡೆದ ಪೆಟ್ಟು ನಾಲ್ಕು ಸಲ ಸತತ ತಪ್ಪಿ, ಎದುರಿನ ಏಡಿ ಮಾತ್ರ ತಪ್ಪದೆ ಹೊಡೆದರೆ ಫೋನ್ ಎಸೆಯುವಷ್ಟು ಸಿಟ್ಟು ಬರುತ್ತದೆ. ಕ್ರಮೇಣ ಗೊತ್ತಾಗುತ್ತದೆ, ಆ ಏಡಿಯ ಜೊತೆ ಬಯಲಲ್ಲಿ ನಿಂತು ಹೊಡೆದಾಡಲೇಬಾರದಿತ್ತು.

ಕೊರತೆ ಅಂದರೆ, ಅನುಭವ ಬಂದ ಮೇಲೆ ಹೆಚ್ಚಿನ ರನ್‌ಗಳು ಒಂದೇ ಹಾದಿ ಹಿಡಿಯುತ್ತವೆ. ವಸ್ತುಗಳ ಬಲ ಹೆಚ್ಚಿಸುವ ಅಪ್‌ಗ್ರೇಡ್ ಸ್ಕ್ರಾಲ್‌ಗಳು ಎಣಿಸಿದಷ್ಟೇ ಸಿಗುವುದು. ಅವನ್ನೆಲ್ಲ ಒಂದೇ ಆಯುಧಕ್ಕೋ ಕವಚಕ್ಕೋ ಸುರಿಯುವುದೇ ಲಾಭ. ಹಾಗಾಗಿ ಒಳ್ಳೆಯ ವಸ್ತು ಬೇಗ ಸಿಕ್ಕರೆ ರನ್ ಸಲೀಸು, ಸಿಗದಿದ್ದರೆ ಏನಕ್ಕೆ ಸುರಿಯುವುದು ಅಂತ ಕಾಯುತ್ತಾ ಹತ್ತು ಮಹಡಿ ಕಳೆದುಹೋಗುತ್ತವೆ.

ಡಂಜನ್ ಕ್ರಾಲ್ ಸ್ಟೋನ್ ಸೂಪ್: ಪುಕ್ಕಟೆ, ಆದರೆ ಪಟ್ಟು ಬೇಕು

2006ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದಿರುವ ಗೇಮ್. ಪೂರ್ತಿ ಉಚಿತ. ಡೌನ್‌ಲೋಡ್ ಬೇಡವೆಂದರೆ ಬ್ರೌಸರ್‌ನಲ್ಲೇ ಆಡಬಹುದು, ಬೇರೆಯವರು ಆಡುವುದನ್ನು ಅಲ್ಲೇ ಕೂತು ನೋಡಲೂಬಹುದು. ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇದನ್ನು ಮಾಡುವವರ ಹಟ ಒಂದೇ: ಬೇಸರದ ಕೆಲಸ ಯಾವುದೂ ಗೇಮ್‌ನಲ್ಲಿ ಇರಬಾರದು. ಮಹಡಿ ಪೂರ್ತಿ ಸುತ್ತಿ ನೋಡಬೇಕಾ? ಕೀಬೋರ್ಡಿನಲ್ಲಿ 'ಓ' ಒತ್ತಿ, ಹೀರೋ ತಾನೇ ಸುತ್ತುತ್ತಾನೆ, ಅಪಾಯ ಕಂಡರೆ ನಿಲ್ಲುತ್ತಾನೆ. ಹಸಿವು, ಊಟ ಅಂತ ಮೊದಲು ಇತ್ತು, ಅದನ್ನೂ ತೆಗೆದುಹಾಕಿದರು. ಹೀಗೆ ತೆಗೆಯುತ್ತಾ ಹೋದದ್ದು ಹಳೆಯ ಅಭಿಮಾನಿಗಳಲ್ಲಿ ಕೆಲವರಿಗೆ ಹಿಡಿಸಲಿಲ್ಲ. ನನಗೆ ಮಾತ್ರ ಹಿಡಿಸಿದೆ. ಉಳಿದಿರುವುದೆಲ್ಲ ಗಟ್ಟಿ ಕಾಳು.

ಸಾಯಿಸುವುದರಲ್ಲಿ ಇದು ನಿರ್ದಾಕ್ಷಿಣ್ಯ. ಮೊದಲ ಕೆಲವು ಮಹಡಿಗಳಲ್ಲೇ ಸಿಗ್ಮಂಡ್ ಅನ್ನುವವನು ಕುಡುಗೋಲು ಹಿಡಿದು ಬರುತ್ತಾನೆ. ಮಂತ್ರ ಹಾಕಿ ತಲೆ ಕೆಡಿಸುತ್ತಾನೆ, ಕಣ್ಣಿಗೆ ಕಾಣದ ಹಾಗೆ ಆಗುತ್ತಾನೆ, ಎರಡೇ ಪೆಟ್ಟಿಗೆ ಮುಗಿಸುತ್ತಾನೆ. ಹೊಸಬರು ಅವನ ಜೊತೆ ಹೊಡೆದಾಡುತ್ತಾರೆ. ತಿಳಿದವರು ಹೆಸರು ನೋಡಿದ ತಕ್ಷಣ ಮೆಟ್ಟಿಲು ಹುಡುಕುತ್ತಾರೆ. ಇನ್ನೂ ಕೆಳಗೆ ಹೈಡ್ರಾ ಸಿಗುತ್ತದೆ. ಕತ್ತಿಯಲ್ಲಿ ಒಂದು ತಲೆ ಕಡಿದರೆ ಎರಡು ಹುಟ್ಟುತ್ತವೆ, ತಲೆ ಜಾಸ್ತಿಯಾದಷ್ಟೂ ಕಚ್ಚುವುದೂ ಜಾಸ್ತಿ. ಗದೆ ಹಿಡಿದವನಿಗೆ ಆ ತೊಂದರೆ ಇಲ್ಲ. ಓಡುವುದು ಇಲ್ಲಿ ಅವಮಾನದ ಮಾತಲ್ಲ, ಮುಖ್ಯ ವಿದ್ಯೆ.

ಜಾತಿ, ಕಸುಬು, ದೇವರು ಮೂರನ್ನೂ ಸೇರಿಸಿ ಬೇಕಾದ ಹಾಗೆ ಆಡಬಹುದು. ದೇವರುಗಳೇ ಇಪ್ಪತ್ತಕ್ಕೂ ಹೆಚ್ಚು. ಟ್ರಾಗ್ ದೇವರಿಗೆ ಮಂತ್ರ ಕಂಡರಾಗುವುದಿಲ್ಲ, ಹೊಡೆದಾಡುವವರಿಗೆ ಆವೇಶ ಕೊಡುತ್ತಾನೆ. ಜೋಮ್ ಅನ್ನುವವನಿಗೆ ಭಕ್ತ ಅಂದರೆ ಆಟದ ಸಾಮಾನು. ಖುಷಿಯಾದರೆ ಏನೋ ಕೊಡುತ್ತಾನೆ, ಬೇಸರವಾದರೆ ಏನೋ ಮಾಡುತ್ತಾನೆ.

ಕೊರತೆ ಅಂದರೆ ಇದರ ಉದ್ದ. ಗೆಲ್ಲುವ ರನ್ ಅಂದರೆ ಹಲವು ಗಂಟೆಗಳ ಬಾಬತ್ತು. ಟ್ಯಾಬ್ ಒತ್ತಿದರೆ ಹತ್ತಿರದ ಶತ್ರುವಿಗೆ ತಾನೇ ಹೊಡೆಯುವ ಸೌಲಭ್ಯ ಇದೆ. ಅದನ್ನು ಒತ್ತುತ್ತಾ ಒತ್ತುತ್ತಾ ಮೈಮರೆತು, ಐದು ಗಂಟೆ ಬೆಳೆಸಿದ ಹೀರೋನನ್ನು ಕಳೆದುಕೊಳ್ಳುವುದು ಇಲ್ಲಿ ಮಾಮೂಲು. ಆ ಸೋಲು ಪೂರ್ತಿ ನಿಮ್ಮದೇ, ಅದೂ ಗೊತ್ತಿದ್ದೂ ಮಾಡಿದ್ದು. ಅದಕ್ಕೇ ಉರಿ ಜಾಸ್ತಿ.

ಕೇವ್ಸ್ ಆಫ್ ಕಡ್: ಸತ್ತರೂ ಹೇಳಿಕೊಳ್ಳಲು ಕಥೆ ಉಳಿಯುತ್ತದೆ

ಫ್ರೀಹೋಲ್ಡ್ ಗೇಮ್ಸ್‌ನ ಬ್ರಯಾನ್ ಬಕ್‌ಲ್ಯೂ ಮತ್ತು ಜೇಸನ್ ಗ್ರಿನ್‌ಬ್ಲಾಟ್ ವರ್ಷಗಟ್ಟಲೆ ಕಟ್ಟಿದ ಗೇಮ್. 2015ರಲ್ಲಿ ಅರ್ಲಿ ಆ್ಯಕ್ಸೆಸ್‌ಗೆ ಬಂದು 2024ರ ಡಿಸೆಂಬರ್‌ನಲ್ಲಿ 1.0 ಆಗಿ ಪೂರ್ತಿ ಬಿಡುಗಡೆಯಾಯಿತು. ದೂರದ ಭವಿಷ್ಯ. ಹಳೆಯ ನಾಗರಿಕತೆ ಕುಸಿದು ಅದರ ಮೇಲೆ ಕಾಡು, ಉಪ್ಪಿನ ಮರುಭೂಮಿ ಬೆಳೆದಿದೆ. ಅಲ್ಲಿ ನೀರೇ ದುಡ್ಡು. ಬಾಯಾರಿದರೆ ನಿಮ್ಮ ದುಡ್ಡನ್ನೇ ಕುಡಿಯಬೇಕು.

ಬೇರೆ ನಾಲ್ಕು ಗೇಮ್‌ಗಳಲ್ಲಿ "ಹೇಗೆ ಗೆಲ್ಲುವುದು" ಅನ್ನುವುದು ಪ್ರಶ್ನೆ. ಇಲ್ಲಿ "ಹೀಗೂ ಮಾಡಬಹುದಾ?" ಅನ್ನುವುದು ಪ್ರಶ್ನೆ, ಬಹಳ ಸಲ ಉತ್ತರ ಹೌದು. ನಾಲ್ಕು ಕೈ ಬೇಕಾ, ಇಟ್ಟುಕೊಳ್ಳಿ. ಎರಡು ತಲೆ ಬೇಕಾ, ಅದೂ ಆಯಿತು. ಗೋಡೆ ಅಗೆದು ದಾರಿ ಮಾಡಿಕೊಳ್ಳಬಹುದು. ಇನ್ನೊಂದು ಪ್ರಾಣಿಯ ಮನಸ್ಸಿನೊಳಗೆ ಹೊಕ್ಕು ಅದರ ಮೈಯಲ್ಲಿ ಓಡಾಡಬಹುದು. ಮುಂದಾಗುವುದನ್ನು ಸ್ವಲ್ಪ ಹೊತ್ತು ಆಡಿ ನೋಡಿ, ಸರಿಹೋಗದಿದ್ದರೆ ವಾಪಸ್ ಬರುವ ಶಕ್ತಿಯೂ ಇದೆ. ಒಂದು ಉಪಕರಣ ಸಿಕ್ಕರೆ ಕುರ್ಚಿಗೂ ಜೀವ ಬರಿಸಬಹುದು. ಆ ಲೋಕದ ಹಳೆಯ ಸುಲ್ತಾನರ ಇತಿಹಾಸವನ್ನು ಗೇಮ್ ಪ್ರತಿ ಸಲವೂ ಹೊಸದಾಗಿ ಹೆಣೆಯುತ್ತದೆ. ಬರವಣಿಗೆಯಂತೂ ಸೊಗಸು, ಬೇರೆ ಯಾವ ರೋಗ್‌ಲೈಕ್‌ನಲ್ಲೂ ಇಂಥ ಭಾಷೆ ನಾನು ಕಂಡಿಲ್ಲ.

ಬೆಲೆ ಕಟ್ಟಬೇಕಾದದ್ದು ಶುರುವಿನ ಗಂಟೆಗಳಲ್ಲಿ. ಊರಿಂದ ಹೊರಗೆ ಕಾಲಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ನ್ಯಾಪ್‌ಜಾ ಅನ್ನುವ ಶತ್ರುಗಳ ಗುಂಪು ಮುತ್ತಿ ಮುಗಿಸಬಹುದು. ನಿಮಗೆ ಯಾವ ಶತ್ರು ಎಷ್ಟು ಬಲಶಾಲಿ ಅನ್ನುವ ಅಂದಾಜೇ ಇರುವುದಿಲ್ಲ. ಸಮತೋಲನ ಅನ್ನುವುದನ್ನು ಇಲ್ಲಿ ಹುಡುಕಬೇಡಿ. ಕೆಲವು ಶಕ್ತಿಗಳು ವಿಪರೀತ ಬಲ, ಕೆಲವು ಬರೀ ಅಲಂಕಾರ. ಪರದೆಯಲ್ಲಿ ಓದುವುದು ಬಹಳ. ಓದದೆ ಒತ್ತುತ್ತಾ ಹೋಗುವವರಿಗೆ ಈ ಗೇಮ್ ತೆರೆದುಕೊಳ್ಳುವುದಿಲ್ಲ. ಗ್ರಾಫಿಕ್ಸ್ ಚಿಕ್ಕ ಚಿಕ್ಕ ಬಣ್ಣದ ಗುರುತುಗಳು. ಕಲ್ಪನೆ ನಿಮ್ಮದೇ ಆಗಬೇಕು.

ಸೋಲಿನ ಲೆಕ್ಕದಲ್ಲಿ ನೋಡಿದರೆ ಇದು ಅತ್ಯಂತ ಅನ್ಯಾಯದ ಗೇಮ್. ಆದರೂ ಜನ ಸಿಟ್ಟಾಗುವುದು ಕಡಿಮೆ. ಯಾಕೆಂದರೆ ಇಲ್ಲಿ ಸೋತವನ ಹತ್ತಿರ ಹೇಳಿಕೊಳ್ಳಲು ಏನೋ ಇರುತ್ತದೆ. ಸ್ಪೈರ್‌ನಲ್ಲಿ ಸೋತವನು "ಎರಡನೇ ಬಾಸ್ ಹತ್ತಿರ ಹೋಯಿತು" ಅನ್ನುತ್ತಾನೆ. ಕಡ್‌ನಲ್ಲಿ ಸೋತವನ ಕಥೆ ಮುಗಿಯಲು ಹತ್ತು ನಿಮಿಷ ಬೇಕು.

ಸಮಯ, ಮೆಷಿನ್, ಇತ್ಯಾದಿ

ಟರ್ನ್ ಬೇಸ್ಡ್ ಆದ್ದರಿಂದ ಐದನ್ನೂ ಯಾವಾಗ ಬೇಕಾದರೂ ಮುಚ್ಚಿ ಏಳಬಹುದು. ಒಂದು ರನ್ ಒಂದೇ ಸಂಜೆ ಮುಗಿಯಬೇಕು ಅಂದರೆ ಇನ್‌ಟು ದ ಬ್ರೀಚ್, ಸ್ಪೈರ್ ಎರಡೇ. ಸ್ಪೈರ್‌ನಲ್ಲಿ ಕಾಳಗದ ನಡುವೆ ಮುಚ್ಚಿ ತೆರೆದರೆ ಆ ಕಾಳಗ ಮೊದಲಿಂದ, ಅದೇ ಕಾರ್ಡ್‌ಗಳೊಂದಿಗೆ ಶುರುವಾಗುತ್ತದೆ. ಅದನ್ನು ಮೋಸಕ್ಕೆ ಬಳಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಫೋನಿನಲ್ಲಿ ಆಡುವವರಿಗೆ ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಎದುರು ಬೇರೆ ಮಾತೇ ಇಲ್ಲ, ಅದು ಬೆರಳಿಗೆಂದೇ ಮಾಡಿದ್ದು. ಸ್ಪೈರ್ ಫೋನಿನಲ್ಲಿ ಇದೆ, ಆದರೆ ಚಿಕ್ಕ ಪರದೆಯಲ್ಲಿ ಅಕ್ಷರ ಓದುವುದು ಕಷ್ಟ. ಇನ್‌ಟು ದ ಬ್ರೀಚ್ ಫೋನಿಗೆ ಬಂದದ್ದು 2022ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ. ಕ್ರಾಲ್, ಕಡ್ ಎರಡಕ್ಕೂ ಕೀಬೋರ್ಡ್ ಇದ್ದರೇ ಆರಾಮ. ಐದರಲ್ಲಿ ಯಾವುದೂ ಭಾರೀ ಕಂಪ್ಯೂಟರ್ ಕೇಳುವುದಿಲ್ಲ.

ಪಟ್ಟಿಯಲ್ಲಿ ಇನ್ನೂ ಕೆಲವು ಸೇರಬಹುದಿತ್ತು. ಜುಪಿಟರ್ ಹೆಲ್ ಬಂದೂಕು ಹಿಡಿದು ಆಡುವಂಥದ್ದು, ನೋಡಿದವರಿಗೆ ಟರ್ನ್ ಬೇಸ್ಡ್ ಅಂತ ಅನ್ನಿಸುವುದೇ ಇಲ್ಲ, ಅಷ್ಟು ಚುರುಕು. ಡಾರ್ಕೆಸ್ಟ್ ಡಂಜನ್‌ನಲ್ಲಿ ಸತ್ತವರು ಸತ್ತರೂ ಊರು ಉಳಿಯುತ್ತದೆ, ಬೆಳೆಯುತ್ತದೆ. ಹಾಗಾಗಿ ಅದು ಒಂದು ಉದ್ದದ ಪ್ರಯಾಣ, ರನ್ ಅನ್ನಲಾಗುವುದಿಲ್ಲ. 2024ರ ಬಲಾಟ್ರೋ ಪೋಕರ್ ಕೈಗಳ ಮೇಲೆ ಕಟ್ಟಿದ್ದು. ಎದುರಿಗೆ ಶತ್ರುವೇ ಇಲ್ಲದೆ, ಬರೀ ಅಂಕದ ಬೆನ್ನು ಹತ್ತುವ ಖುಷಿ ಸಾಕು ಅನ್ನುವವರಿಗೆ ಸ್ಪೈರ್‌ಗಿಂತ ಅದೇ ವಾಸಿ.

ಹಾಗಾದರೆ ಯಾವುದು?

ಚೆಸ್, ಸುಡೊಕು ಇಷ್ಟಪಡುವವರಿಗೆ, "ನನಗೆ ಅದೃಷ್ಟದ ಆಟ ಬೇಡ" ಅನ್ನುವವರಿಗೆ ಇನ್‌ಟು ದ ಬ್ರೀಚ್. ದುಡ್ಡು ಹಾಕದೆ ರುಚಿ ನೋಡಬೇಕು ಅನ್ನುವವರು ಆಂಡ್ರಾಯ್ಡ್ ಫೋನಿನಲ್ಲಿ ಶ್ಯಾಟರ್ಡ್, ಕಂಪ್ಯೂಟರ್‌ನಲ್ಲಿ ಕ್ರಾಲ್. ಒಂದೇ ಗೇಮ್ ಕೊಂಡು ವರ್ಷವಿಡೀ ಆಡಬೇಕು ಅಂದರೆ ನಾನು ಕಣ್ಣು ಮುಚ್ಚಿ ಹೇಳುವುದು ಸ್ಲೇ ದ ಸ್ಪೈರ್. ಅದರ ಸೋಲು ಪಾಠದ ಥರ ಇರುತ್ತದೆ, ಪೂರ್ತಿ ಹತಾಶೆಯೂ ಆಗುವುದಿಲ್ಲ, ಪೂರ್ತಿ ನೆಪವೂ ಸಿಗುವುದಿಲ್ಲ. ಕಡ್ ಅನ್ನು ಎಲ್ಲರಿಗೂ ಹೇಳುವುದಿಲ್ಲ. ಗೆಲ್ಲುವ ಹಟ ಇರುವವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಓದುವ, ಅಲೆಯುವ, ಕೆಡಿಸಿ ನೋಡುವ ಸ್ವಭಾವ ಇದ್ದರೆ ಮಾತ್ರ ಅದು ನಿಮ್ಮದು.

ಶುರು ಮಾಡುವಾಗ ಕೆಲವು ಸೆಟ್ಟಿಂಗ್ ಗಮನಿಸಿ. ಇನ್‌ಟು ದ ಬ್ರೀಚ್ ಅನ್ನು ಈಸಿಯಲ್ಲಿ ಆಡಿ, ಎರಡೇ ದ್ವೀಪ ಉಳಿಸಿ ಕೊನೆಯ ಕಾಳಗಕ್ಕೆ ಹೋಗಿ. ಸ್ಪೈರ್‌ನಲ್ಲಿ ಐರನ್‌ಕ್ಲ್ಯಾಡ್ ಅನ್ನುವ ಪಾತ್ರದ ಜೊತೆ ಸ್ವಲ್ಪ ಕಾಲ ಇರಿ, ಪ್ರತಿ ಕಾಳಗದ ನಂತರ ಆರು ಹೆಲ್ತ್ ವಾಪಸ್ ಕೊಡುವ ರೆಲಿಕ್ (ವಿಶೇಷ ವಸ್ತು) ಅವನ ಹತ್ತಿರ ಮೊದಲಿಂದಲೇ ಇದೆ. ಶ್ಯಾಟರ್ಡ್‌ನಲ್ಲಿ ವಾರಿಯರ್ ಪಾತ್ರ, ಕ್ರಾಲ್‌ನಲ್ಲಿ ಮಿನೋಟಾರ್ ಜಾತಿ, ಬರ್ಸರ್ಕರ್ ಕಸುಬು ಆರಿಸಿ. ಕಡ್‌ನಲ್ಲಿ ಸತ್ತರೆ ಮುಗಿಯುವ ಕ್ಲಾಸಿಕ್ ಬಿಟ್ಟು ರೋಲ್‌ಪ್ಲೇ ಮೋಡ್ ಆರಿಸಿಕೊಳ್ಳಿ. ಅದರಲ್ಲಿ ಊರುಗಳಲ್ಲಿ ಚೆಕ್‌ಪಾಯಿಂಟ್ ಇರುತ್ತದೆ, ಸತ್ತರೆ ಅಲ್ಲಿಂದ ಮುಂದುವರಿಯಬಹುದು. ಹೊಡೆದಾಟವೇ ಬೇಡ, ಸುಮ್ನೆ ಲೋಕ ನೋಡಬೇಕು ಅಂದರೆ ವಾಂಡರ್ ಮೋಡ್ ಇದೆ. ಅಲ್ಲಿ ಹೆಚ್ಚಿನ ಪ್ರಾಣಿಗಳು ತಾವಾಗಿ ಮೇಲೆ ಬೀಳುವುದಿಲ್ಲ, ಕೊಂದರೆ ಅನುಭವದ ಅಂಕವೂ ಸಿಗುವುದಿಲ್ಲ. ಹೊಸ ಜಾಗ ಹುಡುಕಿದರೆ ಸಿಗುತ್ತದೆ.